ಆ ಸೀಟಿಗೆ ಆಳು ಬರ್ತಾರೆ

ಮನುಷ್ಯ ದೂರಕ್ಕೆ ಹೆದರುವ ಪ್ರಾಣಿಯಲ್ಲ. ಅವನು ಹೆದರುವುದು ಗೊತ್ತಿಲ್ಲದ್ದಕ್ಕೆ. ಇದನ್ನು ಹೇಳಲು ವಿಜ್ಞಾನಿಯೇ ಬೇಕೆಂದಿಲ್ಲ, ಮೆಜೆಸ್ಟಿಕ್ಕಿನಲ್ಲಿ ಇಪ್ಪತ್ತಾರು ವರ್ಷ ಬಸ್ಸುಗಳ ವೇಳೆ ಬರೆದುಕೊಂಡು ನಿಂತ ನನ್ನಂಥ ಟೈಮ್ ಕೀಪರ್ ಸಾಕು. ನಲವತ್ತು ನಿಮಿಷದ ದಾರಿ ಅಂತಿಟ್ಟುಕೊಳ್ಳಿ. ವಾರದಲ್ಲಿ ಐದು ದಿನ ನಲವತ್ತೇ ಹಿಡಿಯುತ್ತದೆ. ಒಂದು ದಿನ ಎಲ್ಲೋ ಲಾರಿ ಕೆಟ್ಟು ನಿಂತು ತೊಂಬತ್ತಾಗುತ್ತದೆ. ಆ ಒಂದು ದಿನ ಯಾವುದೆಂದು ಗೊತ್ತಿಲ್ಲದ ತಪ್ಪಿಗೆ ಬಡಪಾಯಿ ಆರೂ ದಿನ ತೊಂಬತ್ತು ನಿಮಿಷ ಮೊದಲೇ ಮನೆ ಬಿಡುತ್ತಾನೆ. ದಿನಾ ಐವತ್ತು ನಿಮಿಷ ಅನುಮಾನಕ್ಕೆ ಬಲಿ.

ಆ ಐವತ್ತು ನಿಮಿಷವನ್ನು ಬೆಂಗಳೂರಿನ ಜನಕ್ಕೆ ವಾಪಸು ಕೊಟ್ಟದ್ದು ಬಿಲ್ಲೆ. ಅಂಗಿಗೆ ಸಿಕ್ಕಿಸಿಕೊಳ್ಳುವ, ದೊಡ್ಡ ಗುಂಡಿಯಷ್ಟಿರುವ ವಸ್ತು. ‘ಒಂಬತ್ತಕ್ಕೆ ಶಿವಾಜಿನಗರ’ ಎಂದು ಹಿಂದಿನ ದಿನವೇ ಹೇಳಿಬಿಟ್ಟರೆ ಆಯಿತು. ಊರಿನ ಒಂದೂವರೆ ಕೋಟಿ ಜನ ಹಾಗೆ ಹೇಳಿದ್ದನ್ನೆಲ್ಲ ದೊಡ್ಡ ಯಂತ್ರವೊಂದು ರಾತ್ರಿಯಿಡೀ ಕೂಡಿಸಿ ಕಳೆದು, ನೀನು ಮೆಟ್ರೋ, ನೀನು ಬಸ್ಸು, ನಿನಗೆ ಕಾಲು ಗಟ್ಟಿಯಿದೆ ನಡಿ ಎಂದು ಹಂಚಿಬಿಡುತ್ತದೆ. ಯಾವ ರಸ್ತೆಗೂ ಅದು ತಾಳುವಷ್ಟಕ್ಕಿಂತ ಒಂದು ತಲೆ ಹೆಚ್ಚು ಕಳಿಸುವುದಿಲ್ಲ. ಬೆಳಿಗ್ಗೆ ಬಿಲ್ಲೆಯ ಮೇಲೆ ಎರಡೇ ಸಾಲು: ತಲುಪುವ ವೇಳೆ ಎಂಟು ಐವತ್ತನಾಲ್ಕು. ಏರುಪೇರು ಸೊನ್ನೆ.

ಆ ಸೊನ್ನೆಗೆ ಒಂದೇ ಷರತ್ತು. ಎಲ್ಲರೂ ಬಿಲ್ಲೆಯ ಮಾತು ಕೇಳಬೇಕು. ಒಬ್ಬ ಮೊಂಡು ಹಿಡಿದರೆ ಹತ್ತು ಜನರ ವೇಳೆ ಅಲುಗಾಡುತ್ತದೆ. ಅಂಥ ಮೊಂಡರಿಗೆ ಫೋನ್ ಮಾಡಿ ‘ಯಾಕಪ್ಪಾ, ಯಾಕಮ್ಮಾ’ ಎಂದು ವಿಚಾರಿಸುವುದು ಈಗ ನನ್ನ ಕೆಲಸ. ವೇಳೆ ಮಂಡಳಿಯ ನಿಯಂತ್ರಣ ಕೊಠಡಿಯ ಮೂಲೆಯಲ್ಲಿ ಒಂದು ಮೇಜು, ಮೇಲೆ ‘ಏರುಪೇರು ವಿಭಾಗ’ ಎಂಬ ಫಲಕ. ವಿಭಾಗ ಅಂದರೆ ನಾನೊಬ್ಬನೇ, ಮರಿಸ್ವಾಮಿ, ವಯಸ್ಸು ಐವತ್ತೇಳು.

ಆ ಸೋಮವಾರ ಚಿತ್ಕಲಾ ಮೇಡಂ ನನ್ನ ಮೇಜಿನ ಹತ್ತಿರವೇ ಬಂದರು. ಕೊಠಡಿಯ ಮುಖ್ಯಸ್ಥೆ, ನನ್ನ ಅರ್ಧ ವಯಸ್ಸಿನವರು, ಒಳ್ಳೆಯ ಹೆಣ್ಣುಮಗಳು. ಯಾರ ಮೇಲೂ ದನಿ ಎತ್ತಿದ್ದು ನಾನು ನೋಡಿಲ್ಲ.

“ಮರಿಸ್ವಾಮಿಯವ್ರೇ, ಹೋಲಿಕೆ ಬಸ್ಸಿನದೊಂದು ಸಮಸ್ಯೆ ಇದೆ” ಎಂದರು.

ಹೋಲಿಕೆ ಬಸ್ಸು ಎಂದರೆ ಏನೆಂದು ಹೇಳಿಬಿಡುತ್ತೇನೆ. ಔಷಧಿ ಪರೀಕ್ಷೆ ಮಾಡುವಾಗ ಕೆಲವರಿಗೆ ಬರೀ ಸಕ್ಕರೆ ಗುಳಿಗೆ ಕೊಡುತ್ತಾರಲ್ಲ, ಹಾಗೆ ಇಡೀ ಊರಿನಲ್ಲಿ ಒಂದೇ ಒಂದು ಬಸ್ಸನ್ನು ಹಳೆಯ ರೀತಿಯಲ್ಲೇ ಓಡಲು ಬಿಟ್ಟಿದ್ದರು. ಸುಂಕದಕಟ್ಟೆಯಿಂದ ಹೊರಟು, ಕಾಮಾಕ್ಷಿಪಾಳ್ಯ, ಟೋಲ್‌ಗೇಟ್, ಮೆಜೆಸ್ಟಿಕ್ ದಾಟಿ ಶಿವಾಜಿನಗರ. ಅದಕ್ಕೆ ಸಿಗ್ನಲ್ ದಾರಿ ಬಿಡುವುದಿಲ್ಲ. ಬಿಲ್ಲೆ ಯಾರನ್ನೂ ಅದಕ್ಕೆ ಕಳಿಸುವುದಿಲ್ಲ. ಅದು ಯಾವಾಗ ತಲುಪುತ್ತದೆಂದು ಅದರ ಡ್ರೈವರನಿಗೂ ಗೊತ್ತಿರುವುದಿಲ್ಲ. ಆ ಬಸ್ಸಿನ ಒದ್ದಾಟ ಅಳೆದು, ಉಳಿದ ಊರು ಎಷ್ಟು ಸುಖವಾಗಿದೆ ಎಂದು ಮಂಡಳಿ ಲೆಕ್ಕ ಹಾಕುತ್ತಿತ್ತು.

“ಅಳತೆ ಸರಿಯಾಗ್ಬೇಕಂದ್ರೆ ಇಬ್ಬರಾದ್ರೂ ಖಾಯಂ ಪ್ರಯಾಣಿಕರು ಇರ್ಬೇಕು. ಒಬ್ಬರು ಹೋದ ತಿಂಗಳು ಬಿಟ್ರು. ಉಳಿದಿರೋದು ಈಯಮ್ಮ ಒಬ್ರೇ. ವಿಮಲಾಕ್ಷಿ ಅಂತ, ಆಸ್ಪತ್ರೆ ಲಾಂಡ್ರಿಯಲ್ಲಿ ಬಟ್ಟೆ ಮಡಿಸೋ ಕೆಲಸ. ಮೆಟ್ರೋದಲ್ಲಿ ನಲವತ್ಮೂರು ನಿಮಿಷ, ಏರುಪೇರು ಸೊನ್ನೆ. ಅದನ್ನ ಬಿಟ್ಟು ಎಪ್ಪತ್ತೊಂದು ದಿನದಿಂದ ಈ ಬಸ್ಸು. ಒಂದಿನ ಮೂವತ್ತೆಂಟು ನಿಮಿಷ, ಒಂದಿನ ನೂರೈದು.”

“ಏನೋ ಕಾರಣ ಇರುತ್ತೆ ಮೇಡಂ.”

“ಅದೇ ಬೇಕಾಗಿರೋದು. ಎಲ್ಲಿಗೋ ತಲುಪೋಕೆ ಅಂತ ಬಸ್ ಹತ್ತಿದ್ರೆ ಲೆಕ್ಕಕ್ಕೆ ಬರ್ತಾರೆ. ಬೇರೆ ಏನಾದ್ರೂ ಉದ್ದೇಶ ಇದ್ರೆ ಅಳತೆ ಕೆಡುತ್ತೆ, ಬಸ್ ನಿಲ್ಲಿಸ್ಬಿಡೋದೇ ಮೇಲು. ಶನಿವಾರದೊಳಗೆ ವರದಿ ಕೊಡಿ.”

ಸಾಯಂಕಾಲ ನಾನು ಐದು ಐವತ್ತೆರಡಕ್ಕೆ ಕಾಮಾಕ್ಷಿಪಾಳ್ಯದ ಮನೆ ಸೇರಿದೆ. ದಿನಾ ಐದು ಐವತ್ತೆರಡೇ. ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ. ನಾನು ಮದುವೆಯಾಗಲಿಲ್ಲ, ಅವಳು ಆಗಿ ಎರಡೇ ವರ್ಷಕ್ಕೆ ವಾಪಸು ಬಂದಳು. ಮೂವತ್ತು ವರ್ಷದಿಂದ ಒಂದೇ ಸೂರು. ಹಿಂದೆ ನಾನು ಕೆಲಸದಿಂದ ಬರುವ ಹೊತ್ತಿಗೆ ಅವಳು ಮಹಡಿಯ ಬಾಲ್ಕನಿಯಲ್ಲಿ ಕಂಬಿ ಹಿಡಿದು ನಿಂತಿರುತ್ತಿದ್ದಳು. ನನ್ನ ತಲೆ ಬೀದಿಯ ತಿರುವಿನಲ್ಲಿ ಕಂಡಿದ್ದೇ ತಡ, “ಯಾಕೋ ಇಷ್ಟೊತ್ತು? ಎಲ್ ಹಾಳಾಗ್ ಹೋಗಿದ್ದೆ?” ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ನಾಚಿಕೆಯಿಂದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಿಲ್ಲೆ ಬಂದ ಮೇಲೆ ಬಾಲ್ಕನಿ ಖಾಲಿ. ನಾನು ಎಷ್ಟೊತ್ತಿಗೆ ಬರುತ್ತೇನೆಂದು ಅವಳ ಬಿಲ್ಲೆ ಹೇಳುತ್ತದೆ, ಇನ್ನು ನಿಲ್ಲುವುದೇಕೆ? ಐದೂ ನಲವತ್ತಕ್ಕೆ ಕಾಫಿ ಮಾಡಿ ಫ್ಲಾಸ್ಕಿಗೆ ಸುರಿದು, ಲೋಟ ಪಕ್ಕದಲ್ಲಿ ಬೋರಲು ಹಾಕಿ, ಕೆಳಗಿನ ಮನೆಯವರ ಜೊತೆ ವಾಕಿಂಗಿಗೆ ಹೋಗುತ್ತಾಳೆ. ಕಾಫಿ ಬಿಸಿಯಾಗೇ ಇರುತ್ತದೆ. ದೂರಲು ಒಂದು ಕಾರಣವೂ ಇಲ್ಲ. ಎರಡು ವರ್ಷದಿಂದ ಆ ಬಿಸಿ ಕಾಫಿಯನ್ನು ನಾನು ಒಬ್ಬನೇ ಕುಡಿಯುತ್ತಿದ್ದೇನೆ. ಇದನ್ನು ಯಾರಿಗೆ ಹೇಳಲಿ? ಬೈಯಿಸಿಕೊಳ್ಳುವ ಆಸೆಯಾಗಿದೆ ಎಂದರೆ ಐವತ್ತೇಳರ ಗಂಡಸಿಗೆ ಜನ ನಗುವುದಿಲ್ಲವೇ?

ಮರುದಿನ ವಿಮಲಾಕ್ಷಿಗೆ ಫೋನ್ ಮಾಡಿದೆ. “ಫೋನಲ್ಲಿ ಹೇಳೋ ವಿಷ್ಯ ಅಲ್ಲ ಸಾರ್. ಬಸ್ಸಿಗೆ ಬನ್ನಿ, ತೋರಿಸ್ತೀನಿ” ಎಂದು ಇಟ್ಟುಬಿಟ್ಟರು.

ಬುಧವಾರ ಬೆಳಿಗ್ಗೆ ಏಳೂ ಕಾಲಿಗೆ ಸುಂಕದಕಟ್ಟೆಗೆ ಹೋದೆ. ಬಸ್ಸು ನಿಂತಿತ್ತು. ಕಂಡಕ್ಟರ್ ನನ್ನನ್ನು ನೋಡಿ, “ಏನ್ ಸಾರ್, ಬಿಲ್ಲೆ ಕೆಟ್ಟೋಯ್ತಾ?” ಎಂದು ಹಲ್ಲು ಕಿರಿದ. ನಲವತ್ತು ಸೀಟಿನ ಬಸ್ಸಿನಲ್ಲಿ ಲೆಕ್ಕ ಹಾಕಿ ನಾಲ್ಕು ಜನ. ಎಡಗಡೆ ಮೂರನೆಯ ಸಾಲಿನ ಕಿಟಕಿ ಪಕ್ಕ ತೆಳ್ಳನೆಯ ಹೆಂಗಸೊಬ್ಬರು, ಮಡಿಲಲ್ಲಿ ಚೀಲ. ಅವರ ಪಕ್ಕದ ಖಾಲಿ ಸೀಟಿನ ಮೇಲೆ ನೀಲಿ ಅಂಚಿನ ಒಂದು ಕರ್ಚೀಫು. ನಾನು ಕೂರಲು ಹೋದರೆ ಕೈ ಅಡ್ಡ ಹಿಡಿದರು.

“ಸೀಟಿಗೆ ಆಳು ಬರ್ತಾರೆ.”

ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ! ಒಂದು ಕಾಲದಲ್ಲಿ ಕಿಟಕಿಯಿಂದ ಟವೆಲು, ಕರ್ಚೀಫು, ಟಿಫನ್ ಡಬ್ಬಿ, ಕೆಲವೊಮ್ಮೆ ಕೂಸನ್ನೇ ಒಳಗೆ ಇಳಿಸಿ ಸೀಟು ಹಿಡಿಯುತ್ತಿದ್ದ ಊರು ಇದು. ಈಗ ಸೀಟನ್ನೂ ಬಿಲ್ಲೆಯೇ ಹಂಚುತ್ತದೆ.

“ಬಸ್ಸೆಲ್ಲಾ ಖಾಲಿ ಹೊಡೀತಿದೆಯಲ್ಲಮ್ಮ, ಯಾರು ಕಿತ್ಕೋತಾರೆ ಅಂತ ಕರ್ಚೀಫು?” ಎಂದೆ ಹಿಂದಿನ ಸೀಟಿನಲ್ಲಿ ಕೂರುತ್ತಾ.

“ಖಾಲಿ ಇದ್ರೂ ಹಿಡೀಬೇಕು ಸಾರ್. ತನಗೋಸ್ಕರ ಒಬ್ರು ಹಿಡಿದಿಟ್ಟಿದಾರೆ ಅಂತ ಅವರಿಗೆ ಗೊತ್ತಾಗ್ಬೇಕಲ್ಲ.”

“ಯಾರಿಗೆ?”

“ಟೋಲ್‌ಗೇಟಿನೋರಿಗೆ.”

ಬಸ್ಸು ಹೊರಟಿತು, ಕಾಮಾಕ್ಷಿಪಾಳ್ಯದ ಹತ್ತಿರ ನಿಂತೇಬಿಟ್ಟಿತು. ನಮ್ಮ ಎದುರಿನಿಂದ ಬಿಲ್ಲೆಯ ಬಸ್ಸುಗಳು ಒಂದರ ಹಿಂದೊಂದು ಸರಾಗವಾಗಿ ಹೋದವು. ಅಷ್ಟು ಹೊತ್ತಿನಲ್ಲಿ ವಿಮಲಾಕ್ಷಿ ಎಲ್ಲ ಹೇಳಿದರು. ಟೋಲ್‌ಗೇಟಿನಲ್ಲಿ ಹತ್ತುತ್ತಿದ್ದ ಒಬ್ಬ ಹೆಂಗಸಿನ ಜೊತೆ ಅವರು ಹತ್ತೊಂಬತ್ತು ವರ್ಷ ಪಕ್ಕಪಕ್ಕ ಕೂತು ಹೋಗಿದ್ದಾರೆ. ಅವರ ಮಗಳ ಬಾಣಂತನಕ್ಕೆ ಇವರು ಲೇಹ್ಯ ಮಾಡಿ ಕೊಟ್ಟಿದ್ದಾರೆ. ಅವರೆಕಾಯಿ ಕಾಲದಲ್ಲಿ ಇಬ್ಬರೂ ಒಂದೇ ಚೀಲಕ್ಕೆ ಕೈಹಾಕಿ, ಶಿವಾಜಿನಗರ ಬರುವಷ್ಟರಲ್ಲಿ ಎರಡು ಸೇರು ಬಿಡಿಸಿ ಮುಗಿಸುತ್ತಿದ್ದರಂತೆ. ಎರಡು ವರ್ಷದ ಹಿಂದೆ ಒಂದು ಶುಕ್ರವಾರ ‘ಸೋಮವಾರ ಸಿಗೋಣ’ ಎಂದು ಇಳಿದರು. ಆ ಸೋಮವಾರದಿಂದ ಮಾಗಡಿ ರಸ್ತೆಗೆ ಬಿಲ್ಲೆ ಕಡ್ಡಾಯವಾಯಿತು. ಯಂತ್ರ ಇಬ್ಬರನ್ನೂ ಬೇರೆ ಬೇರೆ ದಾರಿಗೆ ಹಾಕಿತು. ಈ ಬಸ್ಸು ಇನ್ನೂ ಹಳೆಯ ರೀತಿಯಲ್ಲೇ ಓಡುತ್ತಿದೆಯೆಂದು ಇವರಿಗೆ ಗೊತ್ತಾದದ್ದು ಈಚೆಗಷ್ಟೇ.

“ಫೋನ್ ಮಾಡೋದಲ್ವೇನಮ್ಮ?”

“ನಂಬರ್ ಇಲ್ಲ ಸಾರ್.”

“ಹೆಸರಾದ್ರೂ ಹೇಳಿ, ಹುಡುಕೋಣ.”

ವಿಮಲಾಕ್ಷಿ ನಾಚಿಕೊಂಡು ನಕ್ಕರು. “ಹೆಸರು ಕೇಳಿರ್ಲಿಲ್ಲ. ನಾನು ಅವರನ್ನ ಟೋಲ್‌ಗೇಟಿನೋರೇ ಅಂತಿದ್ದೆ, ಅವರು ನನ್ನ ಸುಂಕದಕಟ್ಟೆಯೋರೇ ಅಂತಿದ್ರು. ಮೊದಲ ವಾರದಲ್ಲಿ ಕೇಳ್ಬೇಕಿತ್ತು. ಹತ್ತು ವರ್ಷ ಆದ್ಮೇಲೆ ‘ನಿಮ್ಮ ಹೆಸರೇನ್ರೀ’ ಅಂದ್ರೆ ಏನಂದ್ಕೋತಾರೆ?”

ಅಯ್ಯೋ ದೇವರೇ, ಎಂದುಕೊಂಡೆ. ಮಗಳ ಹೆರಿಗೆಯ ತಾರೀಖು ಗೊತ್ತು, ಹೆಸರು ಗೊತ್ತಿಲ್ಲ. ಆದರೆ ಮೆಜೆಸ್ಟಿಕ್ಕಿನಲ್ಲಿ ದಿನಾ ನನ್ನ ಪಕ್ಕ ನಿಂತು ಟೀ ಕುಡಿಯುತ್ತಿದ್ದ ಹೊಸಕೋಟೆ ಬಸ್ಸಿನ ಡ್ರೈವರನ ಹೆಸರು ನನಗೆ ಗೊತ್ತಿತ್ತೇ? ಅವನು ‘ಹೊಸಕೋಟೆ’, ನಾನು ‘ಟೈಮು’. ಅಷ್ಟೇ.

“ನಮ್ಮೆಜಮಾನ್ರು ತೀರ್ಕೊಂಡಾಗ ಹದಿಮೂರು ದಿನ ನಾನು ಕೆಲಸಕ್ಕೆ ಹೋಗ್ಲಿಲ್ಲ” ಎಂದು ಅವರು ಮುಂದುವರಿಸಿದರು. “ಸಾಯಂಕಾಲ ಶಿವಾಜಿನಗರದಲ್ಲಿ ಟೋಲ್‌ಗೇಟಿನೋರು ಮೊದಲು ಹತ್ತಿ ನನಗೆ ಸೀಟು ಹಿಡೀತಿದ್ರು. ನನ್ನ ಮನೇಲಿ ಏನಾಗಿದೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು? ಹದಿಮೂರು ದಿನಾನೂ ಕರ್ಚೀಫ್ ಹಾಕಿ, ಆ ನೂಕುನುಗ್ಗಲಲ್ಲಿ ಎಲ್ಲರ ಹತ್ರ ಬೈಸ್ಕೊಂಡು, ‘ಆಳು ಬರ್ತಾರೆ, ಆಳು ಬರ್ತಾರೆ’ ಅಂತ ಟೋಲ್‌ಗೇಟ್ ತನಕ ಹಿಡ್ಕೊಂಡು ಕೂತಿದ್ರಂತೆ. ಕಂಡಕ್ಟರ್ ಹೇಳಿದ. ನಾನು ಎಪ್ಪತ್ಮೂರು ದಿನ ಹಿಡಿದ್ರೆ ಹೆಚ್ಚಾಯ್ತಾ ಸಾರ್?”

ಟೋಲ್‌ಗೇಟ್ ಬಂತು. ಬಸ್ಸು ನಿಂತಿತು. ಅವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಿಲ್ದಾಣದ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಯಾರೂ ಇರಲಿಲ್ಲ. ಮೆಜೆಸ್ಟಿಕ್ ದಾಟಿದ ಮೇಲೆ ಕರ್ಚೀಫನ್ನು ಎತ್ತಿ, ಲಾಂಡ್ರಿಯವರ ಕೈಯಲ್ಲವೇ, ಅಂಚಿಗೆ ಅಂಚು ಕೂಡಿಸಿ ಎಂಟು ಮಡಿಕೆ ಮಾಡಿ ಚೀಲದೊಳಗಿಟ್ಟರು. “ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ?” ಎಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಕಚೇರಿಗೆ ಹೋದವನೇ ಒಂದು ತಪ್ಪು ಕೆಲಸ ಮಾಡಿದೆ. ತಪ್ಪೆಂದು ಗೊತ್ತಿದ್ದೇ ಮಾಡಿದೆ. ಎದುರಿನ ಗೋಡೆಯ ಮೇಲೆ ಊರಿನ ನಕ್ಷೆ, ಅದರ ತುಂಬ ಹಸಿರು ಚುಕ್ಕೆಗಳು ಹರಿಯುತ್ತಿದ್ದವು. ಹಳೆಯ ಪಾಸುಗಳ ದಾಖಲೆ ತೆಗೆದು, ಟೋಲ್‌ಗೇಟಿನಿಂದ ಶಿವಾಜಿನಗರಕ್ಕೆ ಹತ್ತೊಂಬತ್ತು ವರ್ಷ ಓಡಾಡಿದವರು ಯಾರೆಂದು ಕೇಳಿದೆ. ಯಂತ್ರಕ್ಕೆ ಕೆಮ್ಮುವಷ್ಟು ಹೊತ್ತೂ ಬೇಕಾಗಲಿಲ್ಲ. ಒಂದೇ ಹೆಸರು. ಮೀನಾಕುಮಾರಿ, ಒಂದು ಕಚೇರಿಯ ಟಪಾಲು ವಿಭಾಗ. ಈಗ ಮೆಟ್ರೋ, ಎಂಟೂ ಮೂವತ್ತೊಂದಕ್ಕೆ. ಒಂದು ದಿನವೂ ಬಿಲ್ಲೆಯ ಮಾತು ಮೀರಿದವರಲ್ಲ.

ಫೋನ್ ಮಾಡಿ ವಿಷಯ ಹೇಳಿದೆ.

“ಅಯ್ಯೋ, ಸುಂಕದಕಟ್ಟೆಯೋರಾ!” ಎಂದು ಆಕೆ ಕೂಗಿಯೇಬಿಟ್ಟರು. “ಚೆನ್ನಾಗಿದಾರಾ? ಈಗ್ಲೂ ಅದೇ ಬಸ್ಸಲ್ಲಿ ಹೋಗ್ತಾರಾ? ಪಾಪ, ಯಾಕೆ?”

“ನಿಮಗೆ ಸೀಟ್ ಹಿಡ್ಕೊಂಡ್ ಹೋಗ್ತಿದಾರಮ್ಮ. ದಿನಾ.”

ಆ ಕಡೆ ಟಪಾಲಿಗೆ ಮೊಹರು ಹೊಡೆಯುವ ಸದ್ದು ನಿಂತಿತು.

“ನೀವು ಅವರಿಗೆ ಹದಿಮೂರು ದಿನ ಹಿಡಿದಿದ್ರಂತಲ್ಲ” ಎಂದೆ.

“ಹೌದಾ? ಹಿಡಿದಿರ್ಬಹುದು. ಜ್ಞಾಪಕ ಇಲ್ಲ ಸಾರ್.” ದನಿ ಮೆತ್ತಗಾಯಿತು. “ನೋಡಿ, ಈಗ ನಂಗೆ ಬೆಳಿಗ್ಗೆ ಒಂದ್ ಗಂಟೆ ಹೆಚ್ಚು ನಿದ್ದೆ ಸಿಗುತ್ತೆ. ಮೊಮ್ಮಗೂಗೆ ತಿಂಡಿ ತಿನ್ನಿಸಿ ಬರ್ತೀನಿ. ಆ ಬಸ್ಸಿಗೆ ಬಂದ್ರೆ ಅದೆಲ್ಲ ಹೋಯ್ತಲ್ಲ.”

“ನಂಬರ್ ಕೊಡ್ಲಾ? ಮಾತಾಡಿ ಅವರ ಹತ್ರ.”

“ಬೇಡ ಬಿಡಿ ಸಾರ್. ಫೋನ್ ಮಾಡಿ ಏನಂತ ಮಾತಾಡೋದು? ಬಸ್ಸಲ್ಲಾದ್ರೆ ಮಾತು ತಾನಾಗೇ ಬರ್ತಿತ್ತು.” ಇಡುವ ಮುಂಚೆ, “ಒಂದಿನ ಬರ್ತೀನಿ ಅಂತ ಹೇಳಿ” ಎಂದರು.

“ಯಾವತ್ತು ಅಂತ ಹೇಳ್ಲಿ?”

“ಒಂದಿನ ಅಂತ ಹೇಳಿ ಸಾರ್.”

ಆಕೆಯನ್ನು ಬೈಯಲು ಬಾಯಿ ಬರಲಿಲ್ಲ. ಮೊಮ್ಮಗುವಿಗೆ ತಿಂಡಿ ತಿನ್ನಿಸುವುದು ತಪ್ಪೇ? ಎರಡು ವರ್ಷದಿಂದ ಏರುಪೇರು ಸೊನ್ನೆ ಎಂದು ಡಂಗುರ ಹೊಡೆದವನು ನಾನು. ಆಕೆ ನನ್ನ ಮಾತನ್ನೇ ಪಾಲಿಸುತ್ತಿದ್ದರು.

ಶುಕ್ರವಾರ ಮತ್ತೆ ಬಸ್ಸು ಹತ್ತಿದೆ. ನಿಜ ಪೂರ್ತಿ ಹೇಳಬೇಕು ಎಂದೇ ಹೋದೆ. ಅವರು ಬರುವುದಿಲ್ಲ, ನೀವೂ ಮೆಟ್ರೋ ಹಿಡಿಯಿರಿ ಅಂತ. ವಿಮಲಾಕ್ಷಿ ಎಂದಿನಂತೆ ಕರ್ಚೀಫು ಹಾಸಿ, ಅದರ ಸುಕ್ಕನ್ನು ಅಂಗೈಯಿಂದ ತೀಡುತ್ತಿದ್ದರು. ಪಕ್ಕದಲ್ಲಿ ಅವರೆಕಾಯಿ ಚೀಲ.

“ಸಿಕ್ಕಿದ್ರಮ್ಮ” ಎಂದೆ. “ಚೆನ್ನಾಗಿದಾರೆ. ನಿಮ್ಮನ್ನ ಕೇಳಿದ್ರು. ಒಂದಿನ ಬರ್ತಾರಂತೆ.”

“ಯಾವತ್ತಂತೆ?”

“ಹೇಳ್ಲಿಲ್ಲ.”

ಮುಖ ಹೂವಿನ ಹಾಗೆ ಅರಳಿತು. “ಹೇಳ್ದೆ ಇದ್ದಿದ್ದೇ ಒಳ್ಳೇದಾಯ್ತು ಬಿಡಿ! ತಾರೀಖು ಹೇಳಿದ್ರೆ ಆವತ್ತೊಂದಿನ ಕಾಯೋದು. ಈಗ ದಿನಾ ಕಾಯ್ಬಹುದು.” ಹೆಸರು ಹೇಳಲೇ ಎಂದು ಕೇಳಿದೆ. “ಬೇಡ, ಬಂದಾಗ ನಾನೇ ಕೇಳ್ತೀನಿ” ಎಂದರು.

ಅವರ ಸಂತೋಷ ನೋಡಲಾರದೆ ನಾನು ಆಚೆ ಕಿಟಕಿಯ ಕಡೆ ತಿರುಗಿ ಕೂತೆ.

ಶನಿವಾರ ವರದಿ ಬರೆದೆ. ಇಪ್ಪತ್ತಾರು ವರ್ಷ ಬಸ್ಸು ಒಂದು ನಿಮಿಷ ತಡವಾದರೆ ಒಂದು ನಿಮಿಷವೆಂದೇ ಬರೆದ ಕೈ ಇದು. ‘ಪ್ರಯಾಣಿಕರು ಕೆಲಸಕ್ಕೆ ತಲುಪಲೆಂದೇ ಈ ಬಸ್ಸನ್ನು ಆರಿಸಿಕೊಂಡಿದ್ದಾರೆ. ಬೇರೆ ಉದ್ದೇಶ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಚಿತ್ಕಲಾ ಮೇಡಂ ಎರಡು ಸಲ ಓದಿದರು.

“ಸರಿ. ಆದ್ರೂ ಇನ್ನೊಬ್ರು ಬೇಕಲ್ಲ? ಒಬ್ಬರಿಂದ ಅಳತೆ ಆಗಲ್ಲ.”

“ನಾನಿದೀನಿ ಮೇಡಂ. ಸೋಮವಾರದಿಂದ ನಾನೂ ಅದರಲ್ಲೇ ಬರೋದು, ಹೋಗೋದು.”

“ನೀವಾ?”

“ಮಂಡಳಿ ನೌಕರ ಹತ್ತಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ನಾನು ನೋಡಿದೀನಿ.”

ಅವರು ನನ್ನ ಮುಖವನ್ನೇ ದಿಟ್ಟಿಸಿದರು. “ಬಿಲ್ಲೆ ಹಾಕ್ಕೊಂಡು ಹತ್ತೋ ಹಾಗಿಲ್ಲ, ಗೊತ್ತಲ್ಲ? ಬಿಲ್ಲೆ ಇದ್ರೆ ಸಿಗ್ನಲ್ ದಾರಿ ಬಿಡುತ್ತೆ, ಅಳತೆ ಕೆಡುತ್ತೆ.”

“ಗೊತ್ತು ಮೇಡಂ. ಡ್ರಾಯರಿನಲ್ಲಿಟ್ಟು ಹೋಗ್ತೀನಿ.”

ಅಕ್ಕನಿಗೆ ನಾನು ಹೇಳಲಿಲ್ಲ. ಸುಳ್ಳು ಯಾಕೆ, ಬೇಕೆಂದೇ ಹೇಳಲಿಲ್ಲ. ನಾನು ಯಾವಾಗ ಬರುತ್ತೇನೆಂದು ತಿಳಿಯದಿದ್ದರೆ ಅವಳು ಬಾಲ್ಕನಿಗೆ ಬಂದು ನಿಲ್ಲುತ್ತಾಳೆ. ತಿರುವಿನಲ್ಲಿ ನನ್ನ ತಲೆ ಕಂಡ ತಕ್ಷಣ ಬೈಯುತ್ತಾಳೆ. ಅದೊಂದು ದುರಾಸೆ ನನಗಿತ್ತು.

ಸೋಮವಾರ ಬೆಳಿಗ್ಗೆ ಬಿಲ್ಲೆಯನ್ನು ಸಿಗ್ನಲ್ಲಿಗೆ ಕಾಣದಂತೆ ತಗಡಿನ ಡಬ್ಬಿಯೊಳಗೆ ಮುಚ್ಚಿ, ಜೇಬಿನಲ್ಲಿಟ್ಟು ಆ ಬಸ್ಸಿನಲ್ಲೇ ತಂದು, ಕಚೇರಿಯ ಡ್ರಾಯರಿನಲ್ಲಿ ಇಟ್ಟೆ. ಸಾಯಂಕಾಲ ಅದನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಮೆಜೆಸ್ಟಿಕ್ಕಿನ ಹತ್ತಿರ ಒಂದು ಲಾರಿ ಅಡ್ಡ ನಿಂತಿತ್ತು. ಎಷ್ಟೋ ಕಾಲದ ಮೇಲೆ ಸಿಕ್ಕಿಹಾಕಿಕೊಂಡು ಕೂತೆ, ಒಳಗೊಳಗೇ ಖುಷಿಯಾಯಿತು. ತಡವಾಗಲಿ, ಇನ್ನೂ ತಡವಾಗಲಿ. ಏಳೂ ಇಪ್ಪತ್ತಕ್ಕೆ ನಮ್ಮ ಬೀದಿಯ ತಿರುವಿಗೆ ಬಂದು, ಕೂದಲು ಸರಿಮಾಡಿಕೊಂಡು ತಲೆಯೆತ್ತಿದೆ.

ಬಾಲ್ಕನಿ ಖಾಲಿ.

ಮೇಲೆ ಹೋದರೆ ಬಾಗಿಲಿಗೆ ಬೀಗ. ನನ್ನ ಕೀಲಿಯಿಂದ ತೆಗೆದೆ. ಮೇಜಿನ ಮೇಲೆ ಫ್ಲಾಸ್ಕು, ಪಕ್ಕದಲ್ಲಿ ಅವಳ ಬಿಲ್ಲೆ. ಅದರ ಮೇಲೆ ನನ್ನ ಹೆಸರು, ಕೆಳಗೆ ಎರಡು ಸಾಲು: ಕಚೇರಿಯಲ್ಲಿ. ಬೆಳಿಗ್ಗೆಯಿಂದ ಚಲನೆಯಿಲ್ಲ.

ಮೆಟ್ಟಿಲಿಳಿದು ಓಡಿದೆ. ಕೆಳಗಿನ ಮನೆಯವರನ್ನು ಕೇಳಿದರೆ, ಆರೂ ಕಾಲಿಗೇ ಚಪ್ಪಲಿ ಮೆಟ್ಟಿಕೊಂಡು ಓಡಿದಳಂತೆ. ಎಲ್ಲಿಗೆಂದು ಹೇಳಲಿಲ್ಲವಂತೆ. ಫೋನ್ ಮಾಡಿದರೆ ಅಡುಗೆಮನೆಯಲ್ಲಿ ರಿಂಗಾಯಿತು. ಅರವತ್ತಮೂರು ವರ್ಷದವಳು, ಮಂಡಿನೋವು, ಬಿಲ್ಲೆ ಇಲ್ಲದೆ ಈ ಊರಿನಲ್ಲಿ ಯಾವ ಬಸ್ಸು ಅವಳನ್ನು ಹತ್ತಿಸಿಕೊಳ್ಳುತ್ತದೆ? ಹುಡುಕಲು ಹೋಗೋಣವೆಂದರೆ ಯಾವ ದಿಕ್ಕಿಗೆ? ಅಷ್ಟರಲ್ಲಿ ಅವಳೇ ಬಂದುಬಿಟ್ಟರೆ?

ಬಾಲ್ಕನಿಯ ಕಂಬಿ ಹಿಡಿದು ನಿಂತೆ. ಕಂಬಿಯ ಬಣ್ಣ ಎರಡು ಕಡೆ ಸವೆದು ಹೋಗಿದೆಯೆಂದು ಆವತ್ತೇ ನೋಡಿದ್ದು. ನನ್ನ ಕೈ ಸರಿಯಾಗಿ ಅಲ್ಲೇ ಕೂತಿತು. ತಿರುವಿನಲ್ಲಿ ಒಂದೊಂದು ಸೀರೆ ಕಂಡಾಗಲೂ ಅವಳೇ ಎನ್ನಿಸುತ್ತಿತ್ತು, ಹತ್ತಿರ ಬಂದರೆ ಅಲ್ಲ. ಇಪ್ಪತ್ತಾರು ವರ್ಷ ಮೆಜೆಸ್ಟಿಕ್ಕಿನಲ್ಲಿ ನಿಂತು ತಡವಾದ ನಿಮಿಷಗಳನ್ನು ಬರೆದವನಿಗೆ ಒಂದು ನಿಮಿಷ ಅಂದರೆ ಏನೆಂದು ಗೊತ್ತೇ ಇರಲಿಲ್ಲ.

ಎಂಟಕ್ಕೆ ಹತ್ತು ನಿಮಿಷವಿದ್ದಾಗ ಅವಳು ತಿರುವಿನಲ್ಲಿ ಕಂಡಳು. ಗೋಡೆ ಹಿಡಿದು ಕುಂಟುತ್ತಾ ಬರುತ್ತಿದ್ದಳು. ನನಗೆ ಗೊತ್ತಿಲ್ಲದೆಯೇ ಬೀದಿಗೆಲ್ಲ ಕೇಳುವಂತೆ ಕಿರುಚಿದೆ: “ಎಲ್ ಹಾಳಾಗ್ ಹೋಗಿದ್ದೆ ಅಕ್ಕಾ? ಎಷ್ಟೊತ್ತಿಂದ ಕಾಯ್ಲಿ?”

ಅವಳು ತಲೆಯೆತ್ತಿ ನೋಡಿ, ಅಲ್ಲೇ ಯಾರದೋ ಮನೆಯ ಜಗಲಿಯ ಮೇಲೆ ಕುಸಿದು ಕೂತಳು. ನಾನು ಓಡಿ ಹೋದೆ. ನನ್ನ ತೋಳು, ಮುಖ ಎಲ್ಲ ಸವರಿ ನೋಡಿದಳು.

“ಬಿಲ್ಲೆ ಬೆಳಿಗ್ಗೆಯಿಂದ ಅಲುಗಾಡಿಲ್ಲ ಅಂತು ಕಣೋ. ನಾನು ಏನಂತ ಅಂದ್ಕೊಳ್ಳಿ? ನಿಮ್ಮಾಫೀಸಿಗೆ ಹೋಗೋಣ ಅಂತ ಟೋಲ್‌ಗೇಟ್ ತನಕ ನಡೆದೆ. ಆಮೇಲೆ ಕಾಲು ಬರ್ಲಿಲ್ಲ.” ಅಳುತ್ತಲೇ ನನ್ನ ಬೆನ್ನಿಗೊಂದು ಗುದ್ದಿದಳು. “ಒಂದ್ ಮಾತು ಹೇಳಿ ಹೋಗೋಕೆ ಏನಾಗಿತ್ತೋ ನಿಂಗೆ, ಮೂದೇವಿ!”

ತಪ್ಪಾಯಿತು ಅಕ್ಕ ಎಂದೆ. ಎಲ್ಲ ಹೇಳಿದೆ. ಬಸ್ಸು, ಕರ್ಚೀಫು, ಬರದೇ ಇರುವ ಆ ಟೋಲ್‌ಗೇಟಿನವರು, ನಾನು ಹಾಕಿದ ಸುಳ್ಳು ಸಹಿ. ಬಾಲ್ಕನಿಯ ಆಸೆಯನ್ನೂ ಹೇಳಿದೆ. ಅವಳು ನಗಲಿಲ್ಲ. ಮಂಡಿ ನೀವಿಕೊಳ್ಳುತ್ತಾ ಬೀದಿ ನೋಡಿದಳು.

“ನಾಳೆ ಎಷ್ಟೊತ್ತಿಗೆ ಬರ್ತೀಯ?” ಎಂದಳು.

“ಗೊತ್ತಿಲ್ಲಕ್ಕ.”

ಅವಳು ನನ್ನ ಹೆಗಲು ಹಿಡಿದು ಎದ್ದಳು. ಮನೆಗೆ ಬಂದವಳೇ ಫ್ಲಾಸ್ಕಿನ ಕಾಫಿಯನ್ನು ಬಚ್ಚಲಿಗೆ ಸುರಿದು, ತೊಳೆದು ಬೋರಲು ಹಾಕಿ ನೀರು ಸೋರಿಸಿ, ಬಟ್ಟೆಯಲ್ಲಿ ಒರೆಸಿದಳು. ಸ್ಟೂಲು ಎಳೆದು ನನ್ನ ಕೈಗೆ ಫ್ಲಾಸ್ಕು ಕೊಟ್ಟು, ಅಟ್ಟದ ಮೇಲಿಡು ಎಂದಳು.